ಏಕಮೂಲ ನೀತಿ

ಏಕಮೂಲ ನೀತಿಯು ಒಂದು ಜಾಲತಾಣದ ಸ್ಕ್ರಿಪ್ಟ್ ಮತ್ತೊಂದು ಜಾಲತಾಣದ ಮಾಹಿತಿಯನ್ನು ಓದದಂತೆ ತಡೆಯುವ ಬ್ರೌಸರ್ ಭದ್ರತಾ ನಿಯಮವಾಗಿದೆ. 1990ರ ದಶಕದ ಮಧ್ಯಭಾಗದಲ್ಲಿ, ಜಾವಾಸ್ಕ್ರಿಪ್ಟ್ ಭಾಷೆ ಬಂದ ಬೆನ್ನಿಗೇ, ನೆಟ್‌ಸ್ಕೇಪ್ ನ್ಯಾವಿಗೇಟರ್ ಬ್ರೌಸರಿನಲ್ಲಿ ಇದು ಬಳಕೆಗೆ ಬಂದಿತು. ಅನ್ಯ ತಾಣದ ವಿಷಯವನ್ನು ತಮ್ಮ ಪುಟದಲ್ಲಿ ತೋರಿಸಬಯಸುವವರಿಗೆ ಇದು ಅಡ್ಡಿಯಾಗಿ ಕಂಡರೂ, ಇದರ ಉದ್ದೇಶ ಓದುಗನ ಖಾಸಗಿ ಮಾಹಿತಿಯ ರಕ್ಷಣೆ.

ಮೂಲದ ನಿರ್ಣಯ

ಪ್ರೋಟೋಕಾಲ್, ಹೋಸ್ಟ್ ಹೆಸರು ಮತ್ತು ಪೋರ್ಟ್ ಸಂಖ್ಯೆ ಈ ಮೂರೂ ಒಂದೇ ಆಗಿದ್ದರೆ ಮಾತ್ರ ಎರಡು ಪುಟಗಳು ಏಕಮೂಲದವು. 2011ರ ಆರ್‌ಎಫ್‌ಸಿ 6454 ಎಂಬ ದಾಖಲೆಯು ಈ ಪರಿಕಲ್ಪನೆಯನ್ನು ನಿರೂಪಿಸಿತು. ಕನ್ನಡ ವಿಕಿಪೀಡಿಯ ಮತ್ತು ತುಳು ವಿಕಿಪೀಡಿಯಗಳು ಒಂದೇ ಡೊಮೇನ್‌ಗೆ ಸೇರಿದ್ದರೂ ಅವುಗಳ ಹೋಸ್ಟ್ ಹೆಸರು ಬೇರೆಯಾದ್ದರಿಂದ ಅವು ಭಿನ್ನಮೂಲದವು.

ಅಗತ್ಯ

ಬ್ರೌಸರ್ ಒಂದು ತಾಣವನ್ನು ಸಂಪರ್ಕಿಸುವಾಗ, ಲಾಗಿನ್ ಆದ ಬಳಕೆದಾರನನ್ನು ಗುರುತಿಸುವ ಕುಕೀಗಳನ್ನೂ ಕಳುಹಿಸಬಹುದು. ಈ ನಿಯಮ ಇಲ್ಲದಿದ್ದರೆ, ಬ್ಯಾಂಕಿನ ತಾಣಕ್ಕೆ ಲಾಗಿನ್ ಆದ ವ್ಯಕ್ತಿ ಬೇರೊಂದು ದುರುದ್ದೇಶದ ಪುಟವನ್ನು ತೆರೆದಾಗ, ಆ ಪುಟದ ಸ್ಕ್ರಿಪ್ಟ್ ಅವನ ಹೆಸರಿನಲ್ಲಿಯೇ ಖಾತೆಯ ವಿವರಗಳನ್ನು ತರಿಸಿ ಓದಬಹುದಿತ್ತು. ಚಿತ್ರ, ವಿಡಿಯೊ ಮೊದಲಾದವನ್ನು ಅನ್ಯ ತಾಣದಿಂದ ತಂದು ತೋರಿಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ನಿರ್ಬಂಧವಿರುವುದು ಮುಖ್ಯವಾಗಿ ಓದುವುದಕ್ಕೆ.

ಅನ್ಯಮೂಲದ ವಿಷಯವನ್ನು ಬಳಸುವ ವಿಧಾನಗಳು

ಐಫ್ರೇಮ್: ಒಂದು ಪುಟದೊಳಗೆ ಇನ್ನೊಂದನ್ನು ಚೌಕಟ್ಟಿನಂತೆ ತೋರಿಸುವ ವಿಧಾನ. ಹೊರಪುಟವು ಒಳಪುಟವನ್ನು ಓದಲಾರದು. ಎರಡೂ ಒಪ್ಪಿದರೆ ಪೋಸ್ಟ್‌ಮೆಸೇಜ್ ಎಂಬ ಸೌಲಭ್ಯದ ಮೂಲಕ ಸಂದೇಶಗಳನ್ನು ವಿನಿಮಯ ಮಾಡಿಕೊಳ್ಳಬಹುದು. ಚೌಕಟ್ಟಿನೊಳಗೆ ಬರಲು ತಾಣವೇ ನಿರಾಕರಿಸಬಹುದು. ಯೂಟ್ಯೂಬಿನ ಸಾಮಾನ್ಯ ವೀಕ್ಷಣಾ ಪುಟ ಹೀಗೆ ನಿರಾಕರಿಸುತ್ತದೆ. ಅದಕ್ಕೆಂದೇ ಪ್ರತ್ಯೇಕ ವಿಳಾಸವೊಂದನ್ನು ಒದಗಿಸಲಾಗಿದೆ.

ಜೆಸನ್‌ಪಿ: ಅನ್ಯ ತಾಣದ ಸ್ಕ್ರಿಪ್ಟನ್ನು ಪುಟದಲ್ಲಿ ಚಲಾಯಿಸಲು ಇರುವ ಅನುಮತಿಯನ್ನೇ ಬಳಸಿ, ಮಾಹಿತಿಯನ್ನು ಸ್ಕ್ರಿಪ್ಟ್ ರೂಪದಲ್ಲಿ ತರಿಸುವ ಹಳೆಯ ಉಪಾಯ. ಬಂದ ಸ್ಕ್ರಿಪ್ಟ್ ಪುಟದ ಪೂರ್ಣ ಅಧಿಕಾರದಿಂದ ನಡೆಯುವುದರಿಂದ ಇದು ಅಪಾಯಕಾರಿ.

ಕಾರ್ಸ್: ತನ್ನ ಮಾಹಿತಿಯನ್ನು ಯಾವ ಮೂಲದವರು ಓದಬಹುದೆಂದು ಸರ್ವರ್ ತನ್ನ ಉತ್ತರದ ಹೆಡರ್‌ನಲ್ಲಿ ತಿಳಿಸುವ ವ್ಯವಸ್ಥೆ. ಇದು 2014ರಲ್ಲಿ ಡಬ್ಲ್ಯು3ಸಿ ಸಂಸ್ಥೆಯ ಶಿಫಾರಸಾಯಿತು. ಅನುಮತಿ ಎಲ್ಲ ಮೂಲಗಳಿಗೂ ಅನ್ವಯಿಸುವಂಥದ್ದಾಗಿದ್ದರೆ, ಕುಕೀಗಳೊಡನೆ ತರಿಸಿದ ಉತ್ತರವನ್ನು ಓದಲು ಬ್ರೌಸರ್ ಬಿಡುವುದಿಲ್ಲ. ವಿಕಿಪೀಡಿಯದ ಎಪಿಐ ಕೂಡ ಲಾಗಿನ್ ಇಲ್ಲದ ಕೋರಿಕೆಗಳಿಗೆ ಇಂಥ ಅನುಮತಿ ನೀಡುವುದರಿಂದ, ಕನ್ನಡ ಲೇಖನಗಳನ್ನು ಯಾವ ತಾಣವಾದರೂ ತರಿಸಿಕೊಳ್ಳಬಹುದು.

ಪ್ರಾಕ್ಸಿ: ತನ್ನದೇ ಸರ್ವರ್ ಅನ್ಯ ತಾಣದಿಂದ ಮಾಹಿತಿ ತಂದು ಪುಟಕ್ಕೆ ಕೊಡುವ ಕ್ರಮ. ಈ ನೀತಿ ಬ್ರೌಸರಿನದಾದ್ದರಿಂದ ಸರ್ವರ್‌ಗಳ ನಡುವೆ ಅನ್ವಯಿಸದು. ಅನ್ಯ ತಾಣದಲ್ಲಿರುವ ಓದುಗನ ಕುಕೀಗಳು ಇಲ್ಲಿ ಬಳಕೆಯಾಗದಿರುವುದರಿಂದ ಸಾರ್ವಜನಿಕ ವಿಷಯವಷ್ಟೇ ದೊರೆಯುತ್ತದೆ. ಅನ್ಯ ತಾಣದ ಬಳಕೆಯ ಷರತ್ತು ಹಾಗೂ ಕೃತಿಸ್ವಾಮ್ಯವನ್ನು ಪಾಲಿಸುವ ಹೊಣೆ ಉಳಿದೇ ಇರುತ್ತದೆ.

ಎಚ್ಚರಿಕೆಗಳು

ಬ್ರೌಸರಿನ ಭದ್ರತೆಯನ್ನೇ ಸ್ಥಗಿತಗೊಳಿಸುವ ಆಯ್ಕೆಗಳು ಪರೀಕ್ಷೆಗಾಗಿ ಮಾತ್ರ. ದಿನನಿತ್ಯದ ಬ್ರೌಸರಿನಲ್ಲಿ ಬಳಸಿದರೆ ಲಾಗಿನ್ ಆದ ಎಲ್ಲ ಖಾತೆಗಳೂ ಅಪಾಯಕ್ಕೊಳಗಾಗುತ್ತವೆ. ಯಾವ ವಿಳಾಸ ಕೇಳಿದರೂ ತಂದುಕೊಡುವ ಪ್ರಾಕ್ಸಿಯನ್ನು ಸಂಸ್ಥೆಯ ಆಂತರಿಕ ಜಾಲಕ್ಕೆ ನುಸುಳಲು ದುರುಪಯೋಗಿಸಬಹುದು. ಆದ್ದರಿಂದ ಅನುಮತಿಸಿದ ವಿಳಾಸಗಳ ಪಟ್ಟಿ ಇರುವುದು ಅವಶ್ಯಕ.