ಡೇರಿ ಲೆಕ್ಕ ಬರೆದ ರೆಸ್ಯೂಮೆ

2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಯುವ ಸಮೃದ್ಧಿ ಸಮ್ಮೇಳನ ಎಂಬ ಉದ್ಯೋಗ ಮೇಳ ನಡೆಸಿತು. ಇಂಥ ಯಾವ ಮೇಳಕ್ಕೆ ಹೋದರೂ ಸಾಲಿನಲ್ಲಿ ನಿಂತವರ ಕೈಯಲ್ಲಿರುವುದು ಒಂದೇ ನಮೂನೆಯ ಪ್ಲಾಸ್ಟಿಕ್ ಫೈಲು. ಬಿಚ್ಚಿದರೆ ಒಳಗೂ ಅದೇ ನಮೂನೆ. ಮೊದಲು ‘ಕರಿಯರ್ ಆಬ್ಜೆಕ್ಟಿವ್’. ಹೆಸರಾಂತ ಸಂಸ್ಥೆ ಸೇರಿ, ಅದನ್ನು ಬೆಳೆಸುತ್ತಾ ತಾನೂ ಬೆಳೆಯುವ ಹಂಬಲ. ಆಮೇಲೆ ಎಸ್ಸೆಸ್ಸೆಲ್ಸಿಯಿಂದ ಹಿಡಿದು ಅಂಕಗಳ ಪಟ್ಟಿ. ಜಾವಾ, ಪೈಥಾನ್, ಎಸ್‌ಕ್ಯುಎಲ್. ಮುಖ ನೋಡಿ ಹಾಜರಿ ಹಾಕುವ ಸಾಫ್ಟ್‌ವೇರ್ ಎಂಬ ಫೈನಲ್ ಇಯರ್ ಪ್ರಾಜೆಕ್ಟು. ಕೊನೆಗೆ ತಂದೆಯ ಹೆಸರು, ಮದುವೆ ಆಗಿದೆಯೋ ಇಲ್ಲವೋ, ಮೇಲಿನದೆಲ್ಲ ಸತ್ಯ ಎಂಬ ಘೋಷಣೆ, ಸಹಿ. ಆ ಪ್ರಾಜೆಕ್ಟನ್ನು ರಿಪೋರ್ಟು, ಬೈಂಡಿಂಗ್ ಸಮೇತ ಮಾಡಿಕೊಡುವ ಅಂಗಡಿಗಳೇ ಊರಲ್ಲಿವೆ ಎಂಬುದು ಕೊಟ್ಟವರಿಗೂ ಗೊತ್ತು, ನೋಡುವವರಿಗೂ ಗೊತ್ತು.

ಈ ಗುಂಪಿನಲ್ಲಿ ಎದ್ದು ಕಾಣುವುದು ಹೇಗೆ? ಹೆಚ್ಚಿನವರು ಹಿಡಿಯುವ ದಾರಿ, ಇನ್ನಷ್ಟು ಪೇರಿಸುವುದು. ಮಾರತಹಳ್ಳಿ, ಬಿಟಿಎಂ ಲೇಔಟ್‌ಗಳ ಪಿಜಿಯಲ್ಲಿದ್ದುಕೊಂಡು ಇನ್ನೊಂದು ಫುಲ್ ಸ್ಟ್ಯಾಕ್ ಕೋರ್ಸು, ಇನ್ನೆರಡು ಸರ್ಟಿಫಿಕೇಟು. ಇದು ಯಾಕೆ ಕೆಲಸಕ್ಕೆ ಬರುವುದಿಲ್ಲ ಎಂಬುದಕ್ಕೆ ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲೇ ಒಂದು ವಿವರಣೆ ಕೊಟ್ಟಿದ್ದರು. 2001ರಲ್ಲಿ ಅವರಿಗೆ ನೊಬೆಲ್ ಬಂದಾಗ ಈ ವಿಚಾರವೂ ಅದರ ಹಿಂದಿತ್ತು. ಕೆಲಸ ಕೊಡುವವನಿಗೆ ಎದುರು ಕೂತವರ ಸಾಮರ್ಥ್ಯ ಕಣ್ಣಿಗೆ ಕಾಣುವುದಿಲ್ಲ, ಏನೋ ಒಂದು ಗುರುತು ನೋಡಿ ಅಂದಾಜು ಮಾಡುತ್ತಾನೆ. ಕೈಲಾಗದವರಿಗೆ ಆ ಗುರುತು ಸಂಪಾದಿಸುವುದು ಕಷ್ಟವಾಗಿದ್ದಷ್ಟು ಕಾಲ ಮಾತ್ರ ಅದಕ್ಕೆ ಬೆಲೆ. ಎರಡು ವಾರಾಂತ್ಯ ವಿಡಿಯೊ ನೋಡಿದ ಎಲ್ಲರಿಗೂ ಸಿಗುವ ಸರ್ಟಿಫಿಕೇಟು ಯಾರನ್ನೂ ಯಾರಿಂದಲೂ ಬೇರ್ಪಡಿಸುವುದಿಲ್ಲ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲಂತೂ ಚೆಂದದ ಇಂಗ್ಲಿಷಿನ ಕವರ್ ಲೆಟರಿಗೆ ಇದ್ದ ಅಷ್ಟಿಷ್ಟು ಬೆಲೆಯೂ ಹೋಯಿತು.

ಹಾಗಾದರೆ ಬೆಲೆ ಉಳಿದಿರುವುದು ಯಾವುದಕ್ಕೆ? ಕ್ಯಾಂಪಸ್ ಸಂದರ್ಶನಗಳಿಗೆ ಕೂರುವ ಗೆಳೆಯರೊಬ್ಬರು ಹೇಳಿದ ಪ್ರಸಂಗ ಇದು. ಹಾಸನದ ಕಡೆಯ ಹುಡುಗಿ. ಅಂಕ ಸಾಧಾರಣ, ಇಂಗ್ಲಿಷು ತಡವರಿಕೆ. ರೆಸ್ಯೂಮೆಯ ತುದಿಯಲ್ಲಿ, ಬೇಕೋ ಬೇಡವೋ ಎಂಬಂತೆ ಒಂದು ಸಾಲು: ಊರಿನ ಹಾಲು ಉತ್ಪಾದಕರ ಸಂಘಕ್ಕೆ ಲೆಕ್ಕದ ಶೀಟ್ ಮಾಡಿಕೊಟ್ಟಿದ್ದೇನೆ. ಅಪ್ಪ ಆ ಸಂಘದ ಕಾರ್ಯದರ್ಶಿ. ಬೆಳಿಗ್ಗೆ, ಸಂಜೆ ಬರುವ ಹಾಲು, ಅದರ ಫ್ಯಾಟು, ಫ್ಯಾಟು ಬಿಟ್ಟ ಘನಾಂಶ ಅಂದರೆ ಎಸ್‌ಎನ್‌ಎಫ್, ಅದಕ್ಕೆ ತಕ್ಕ ರೇಟು, ಸಾಲವಾಗಿ ಒಯ್ದ ಪಶು ಆಹಾರದ ಮೂಟೆ, ಎಲ್ಲ ಕೂಡಿ ಕಳೆದು ಬಟವಾಡೆಯ ಪಟ್ಟಿ ಬರಬೇಕು.

ಗೆಳೆಯರು ಸುಮ್ಮನೆ ಕೇಳಿದರಂತೆ: “ಹಾಲಿನ ದುಡ್ಡಿಗಿಂತ ಫೀಡಿನ ಬಾಕಿನೇ ಜಾಸ್ತಿ ಆದ್ರೆ ಏನಮ್ಮ ಮಾಡ್ತೀಯ?”

“ಮೊದಲು ಮೈನಸ್ ಬರ್ತಿತ್ತು ಸರ್. ಆಮೇಲೆ ಪೂರ್ತಿ ಮುರಿದು, ಉಳಿದಿದ್ದನ್ನ ಮುಂದಿನ ಬಟವಾಡೆಗೆ ಹಾಕೋ ಹಾಗೆ ಮಾಡ್ದೆ. ಅಪ್ಪ ಬೈದ್ರು, ಮನೆಗೆ ಬರಿಗೈಲಿ ಕಳಿಸ್ತೀಯಾ ಅಂತ. ಈಗ ಒಂದ್ಸಲಕ್ಕೆ ಅರ್ಧಕ್ಕಿಂತ ಜಾಸ್ತಿ ಮುರಿಯಲ್ಲ.”

ಅಲ್ಲಿಂದ ಮಾತು ಬೆಳೆಯಿತು. ಕರೆಂಟು ಹೋದಾಗ ಏನು, ಒಂದೇ ಹೆಸರಿನ ಇಬ್ಬರಿದ್ದರೆ ಏನು, ತಪ್ಪು ನಮೂದಾದರೆ ಯಾರು ತಿದ್ದಬಹುದು. ಪ್ರತಿಯೊಂದಕ್ಕೂ ಅವಳ ಬಳಿ ಉತ್ತರವಿತ್ತು, ಯಾಕೆಂದರೆ ಪ್ರತಿಯೊಂದಕ್ಕೂ ಊರಲ್ಲಿ ಯಾರೋ ಒಬ್ಬರು ಬಂದು ಜಗಳ ಆಡಿದ್ದರು. ಬಳಸುವವನ ಕಷ್ಟ ನೋಡಿ ನಿಯಮ ಬದಲಿಸಿದ ಅನುಭವ ಹಾಜರಿ ಸಾಫ್ಟ್‌ವೇರಿನವರಿಗೆ ಎಲ್ಲಿಂದ ಬರಬೇಕು? ಅವರದ್ದನ್ನು ಯಾರೂ ಬಳಸಿಯೇ ಇರುವುದಿಲ್ಲ. ಹುಡುಗಿಗೆ ಕೆಲಸವಾಯಿತು. ನನಗೆ ಬೇಸರ ತರಿಸುವುದು ಆ ಸಾಲು ರೆಸ್ಯೂಮೆಯ ತುದಿಯಲ್ಲಿದ್ದದ್ದು. ಊರಿನ ಕೆಲಸ ಬರೆದರೆ ಹಳ್ಳಿಗುಗ್ಗು ಎಂದಾರು ಎಂಬ ಅಳುಕು ನಮ್ಮ ಮಕ್ಕಳನ್ನು ಇನ್ನೂ ಬಿಟ್ಟಿಲ್ಲ.

ಆದರೆ ಇಂಥ ಸಾಲು ಯಾರದಾದರೂ ಕಣ್ಣಿಗೆ ಬೀಳಬೇಕಲ್ಲ. ನೌಕ್ರಿ ಡಾಟ್ ಕಾಮ್ 1997ರಲ್ಲಿ ಶುರುವಾದಾಗ ಪತ್ರಿಕೆಯ ವಾಂಟೆಡ್ ಕಾಲಂ ಕಂಪ್ಯೂಟರಿಗೆ ಬಂದಂತಿತ್ತು. ಈಗ ರಿಕ್ರೂಟರುಗಳು ಅಲ್ಲಿ ಊರು, ನೋಟಿಸ್ ಪೀರಿಯಡ್ಡು, ಇತ್ತೀಚೆಗೆ ಲಾಗಿನ್ ಆಗಿದ್ದಾರೋ ಇಲ್ಲವೋ ಎಂದೆಲ್ಲ ಸೋಸುತ್ತಾರೆ. ಹೆಸರು ಮೇಲೆ ಬರಲಿ ಎಂದು ದಿನಾ ಬೆಳಿಗ್ಗೆ ಪ್ರೊಫೈಲಿನಲ್ಲಿ ಒಂದು ಚುಕ್ಕಿ ಅಳಿಸಿ ಮತ್ತೆ ಇಡುವವರಿದ್ದಾರೆ. ಇಡಲಿ, ನಷ್ಟವೇನಿಲ್ಲ. ಎರಡು ಕಾಲಂ ಮಾಡಿ, ಜಾವಾಕ್ಕೆ ನಾಲ್ಕು ನಕ್ಷತ್ರ ಕೊಟ್ಟುಕೊಂಡ ಅಲಂಕಾರದ ರೆಸ್ಯೂಮೆಯನ್ನು ಸೋಸುವ ಸಾಫ್ಟ್‌ವೇರ್ ಅಡ್ಡಾದಿಡ್ಡಿ ಓದಬಹುದು. ಸಾದಾ ಒಂದು ಪುಟವೇ ಕ್ಷೇಮ.

ಇದಕ್ಕಿಂತ ದೊಡ್ಡ ದಾರಿ ಮನುಷ್ಯರದ್ದು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರ್ಯಾನೊವೆಟರ್ ಅಮೆರಿಕದ ಬಾಸ್ಟನ್ ಬಳಿಯ ನ್ಯೂಟನ್‌ನಲ್ಲಿ ಕೆಲಸ ಬದಲಿಸಿದವರನ್ನು ವಿಚಾರಿಸಿದಾಗ, ಪರಿಚಯದಿಂದ ಕೆಲಸ ಸಿಕ್ಕವರಿಗೆ ಸುದ್ದಿ ಮುಟ್ಟಿಸಿದ್ದು ಹೆಚ್ಚಾಗಿ ಆಪ್ತ ಸ್ನೇಹಿತರಲ್ಲ, ಆಗೀಗ ಭೇಟಿಯಾಗುವ ಮುಖಪರಿಚಯದವರು ಎಂದು ಗೊತ್ತಾಯಿತು. 1973ರ ಮಾತು ಅದು. 2022ರಲ್ಲಿ ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರನ್ನು ಇಟ್ಟುಕೊಂಡು ನಡೆಸಿದ ಅಧ್ಯಯನವೂ ಹೆಚ್ಚುಕಮ್ಮಿ ಅದನ್ನೇ ಹೇಳಿತು. ತೀರಾ ಅಪರಿಚಿತರೂ ಅಲ್ಲದ, ತೀರಾ ಹತ್ತಿರದವರೂ ಅಲ್ಲದವರೇ ಹೆಚ್ಚು ನೆರವಾದರು. ಕಾರಣ ಸರಳ. ರೂಮ್‌ಮೇಟಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಮೂರು ವರ್ಷ ಹಿರಿಯ ಸೀನಿಯರ್ ಇರುವುದು ಬೇರೆ ಜಗತ್ತಿನಲ್ಲಿ. ಅವರಿಗೆ “ಹಾಯ್ ಸರ್, ಎನಿ ಓಪನಿಂಗ್?” ಎಂದು ಕಳಿಸಿದರೆ ಓದಿ ಸುಮ್ಮನಾಗುತ್ತಾರೆ. ಡೇರಿಯ ಶೀಟು ಕಳಿಸಿ, ಇಲ್ಲಿ ಇಂಥದ್ದು ಸರಿಹೋಗುತ್ತಿಲ್ಲ, ನೋಡ್ತೀರಾ ಅಣ್ಣ ಎಂದರೆ ಹತ್ತರಲ್ಲಿ ಇಬ್ಬರಾದರೂ ನೋಡುತ್ತಾರೆ. ರೆಫರಲ್ ಹಾಕುವಾಗ ಅವರಿಗೂ ಹೇಳಲು ಏನಾದರೂ ಬೇಕು.

ಇಷ್ಟೆಲ್ಲ ಮಾಡಿದರೂ ವರ್ಷವೇ ಕೈಕೊಡುವುದುಂಟು. 2023–24ರಲ್ಲಿ ಟಿಸಿಎಸ್, ಇನ್ಫೊಸಿಸ್, ವಿಪ್ರೊ ಮೂರರಲ್ಲೂ ಒಟ್ಟು ನೌಕರರ ಸಂಖ್ಯೆ ಇಳಿಯಿತು. ಅಂಥ ವರ್ಷ ಪಾಸಾದವರು ಮುಂದಿನ ಬ್ಯಾಚಿನ ಜೊತೆ ಸಾಲಿನಲ್ಲಿ ನಿಂತಾಗ ಎದುರಾಗುವ ಮೊದಲ ಪ್ರಶ್ನೆ, ‘ಗ್ಯಾಪ್ ಯಾಕೆ?’ ಆ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡು ನಕಲಿ ಅನುಭವ ಪತ್ರ ಮಾರುವ ಕನ್ಸಲ್ಟೆನ್ಸಿಗಳಿವೆ. ಆದರೆ 2014ರಿಂದ ಪಿಎಫ್‌ಗೆ ಯುಎಎನ್ ಎಂಬ ಸಂಖ್ಯೆ ಬಂದಿದೆ. ಯಾವ ಕಂಪನಿ ಎಂದಿನಿಂದ ಎಂದಿನವರೆಗೆ ದುಡ್ಡು ಕಟ್ಟಿತು ಎಂಬುದು ಅಲ್ಲಿ ದಾಖಲಾಗಿರುತ್ತದೆ. ಸೇರಿ ಆರು ತಿಂಗಳಾದ ಮೇಲೂ ಪರಿಶೀಲನೆಯಲ್ಲಿ ಸಿಕ್ಕಿಬಿದ್ದು ಮನೆಗೆ ಹೋಗಬೇಕಾದೀತು.

ಆ ಗ್ಯಾಪಿನಲ್ಲಿ ಬಹಳಷ್ಟು ಹುಡುಗರು ಸುಮ್ಮನೆ ಕೂತಿರುವುದೂ ಇಲ್ಲ. ಸೋದರಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತು ಜಿಎಸ್‌ಟಿ ಬಿಲ್ಲು ಹಾಕಿರುತ್ತಾರೆ, ಸ್ಟಾಕು ನೋಡಿರುತ್ತಾರೆ, ಬಾಕಿ ವಸೂಲಿಗೆ ತಿಂಗಳುಗಟ್ಟಲೆ ಫೋನು ಮಾಡಿರುತ್ತಾರೆ. ಅದನ್ನು ಮುಚ್ಚಿಟ್ಟು ‘ಸೆಲ್ಫ್ ಲರ್ನಿಂಗ್’ ಎಂದು ಬರೆಯುತ್ತಾರೆ. ಬಾಕಿ ವಸೂಲಿ ಮಾಡಿದ ಹುಡುಗ ತನ್ನ ಎದುರು ಕೂತಿದ್ದಾನೆ ಎಂದು ಗೊತ್ತಾದರೆ ಯಾವ ಸೇಲ್ಸ್ ಮ್ಯಾನೇಜರಾದರೂ ಕುರ್ಚಿ ಮುಂದೆ ಎಳೆದುಕೊಂಡು ಕೇಳುತ್ತಾನೆ: ಕೊಡದೇ ಇದ್ದವರ ಹತ್ತಿರ ಹೇಗೆ ಇಸ್ಕೊಂಡೆ, ಹೇಳು ನೋಡೋಣ.