ನಿಮಗಿದು ಗೊತ್ತೇ? ಬಾಡಿಗೆ ಮನೆ, ಬಾಂಡ್ ಪೇಪರು

ಇರಕಲ್ಲಗಡದಂಥ ಊರಲ್ಲಿ ಬಾಡಿಗೆಗೆ ಮನೆ ಹಿಡಿಯುವವರು ಕಾಗದದ ಮಾತೆತ್ತಿದರೆ "ಯಾಕ್ರೀ, ನಂಬಿಕಿ ಇಲ್ಲೇನು?" ಅಂದುಬಿಡುತ್ತಾರೆ. ನಂಬಿಕೆ ಇರಲಿ. ಕಾಗದದಿಂದ ಅದಕ್ಕೇನೂ ಕುಂದಿಲ್ಲ.

ಬಾಡಿಗೆ ಕರಾರು 11 ತಿಂಗಳದ್ದೇ ಯಾಕೆ? ಒಂದು ವರ್ಷ ಮೀರಿದ ಅವಧಿಯದ್ದಾಗಲಿ, ವರ್ಷದ ಲೆಕ್ಕದಲ್ಲಿ ಬಾಡಿಗೆ ಗೊತ್ತುಮಾಡಿದ್ದಾಗಲಿ, ಅಂಥ ಕರಾರನ್ನು ನೋಂದಾಯಿಸಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ಆ ಖರ್ಚು, ಓಡಾಟ ತಪ್ಪಲಿ ಎಂದು ಜನ ಕಂಡುಕೊಂಡ ದಾರಿ 11 ತಿಂಗಳು. ಎರಡು ವರ್ಷಕ್ಕೆ ಎಂದು ಬರೆದು ನೋಂದಣಿ ಮಾಡಿಸದೆ ಬಿಟ್ಟರೆ, ಆ ಎರಡು ವರ್ಷದ ಹಕ್ಕನ್ನು ಅದೇ ಕಾಗದ ತೋರಿಸಿ ಕೋರ್ಟಿನಲ್ಲಿ ಸಾಧಿಸಲು ಆಗುವುದಿಲ್ಲ. ನೋಟರಿ ಸೀಲು ಇದೆಯಲ್ಲ ಅಂದಿರಾ? ನೋಟರಿ ಬೇರೆ, ನೋಂದಣಿ ಬೇರೆ.

ನೋಂದಣಿಯೇ ಬೇಕೆಂದರೆ ಕೊಪ್ಪಳಕ್ಕೇ ಹೋಗಬೇಕೆಂದಿಲ್ಲ. 2024ರ ಸೆಪ್ಟೆಂಬರ್ 2ರಿಂದ ಜಿಲ್ಲೆಯೊಳಗಿನ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ಆಗುತ್ತದೆ. ಗಂಗಾವತಿಯಲ್ಲಿ ಕೆಲಸವಿದ್ದ ದಿನ ಅಲ್ಲೇ ಮುಗಿಸಿಕೊಂಡು ಬರಬಹುದು.

11 ತಿಂಗಳು ಮುಗಿದ ಮೇಲೂ ಮಾಲೀಕರು ಬಾಡಿಗೆ ಇಸಕೊಳ್ಳುತ್ತಲೇ ಇದ್ದರೆ? ಅದು ತಿಂಗಳ ಬಾಡಿಗೆಯಾಗಿ ಮುಂದುವರಿಯುತ್ತದೆ. ಬೇರೆ ಷರತ್ತು ಬರೆದಿರದಿದ್ದರೆ ಬಿಡಿಸುವವರೂ ಬಿಡುವವರೂ 15 ದಿನದ ನೋಟಿಸ್ ಕೊಡಬೇಕು. ಇದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಮಾತು. "ನಾಳಿ ಖಾಲಿ ಮಾಡ್ರಿ" ಎಂಬುದು ನಡೆಯುವುದಿಲ್ಲ.

ಬಾಡಿಗೆಗೆಂದೇ ಕರ್ನಾಟಕದಲ್ಲಿ 1999ರ ಕಾಯ್ದೆ ಇದೆಯಲ್ಲ? ಇದೆ. ಆದರೆ ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದರೆ ಆ ಮನೆ ಅದರ ಹೊರಗೆ. ಈಗಿನ ಬಾಡಿಗೆಯಲ್ಲಿ ಒಳಗೆ ಉಳಿಯುವ ಮನೆ ಎಷ್ಟು ಎಂದು ನೀವೇ ಎಣಿಸಿ.

ನಾವು ಇನ್ನೂ 'ಬಾಂಡ್ ಪೇಪರ್' ಎನ್ನುವುದು ಈಗ ಇ-ಸ್ಟಾಂಪ್. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ಹಳೆಯ ಕಾಗದದ ಮೇಲಿನ ವಿಶ್ವಾಸವನ್ನೇ ಕೆಡಿಸಿತು. 2008ರಲ್ಲಿ ರಾಜ್ಯಕ್ಕೆ ಇ-ಸ್ಟಾಂಪ್ ಬಂತು. ಕೌಂಟರ್ ಬಿಡುವ ಮುನ್ನ ಅಲ್ಲೇ ನಿಂತು ಓದಿ. ಮೊದಲನೇ ಪಾರ್ಟಿ, ಎರಡನೇ ಪಾರ್ಟಿ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇವೆಯೇ? ವಿವರದ ಸಾಲಿನಲ್ಲಿ ಬಾಡಿಗೆಗೆ ಸಲ್ಲುವ ಆರ್ಟಿಕಲ್ 30 ಬಿದ್ದಿದೆಯೇ? ಶುಲ್ಕ ನಿಂತಿರುವುದು ಬಾಡಿಗೆ ಮತ್ತು ಡಿಪಾಜಿಟ್ ಲೆಕ್ಕದ ಮೇಲೆ. "ಎಲ್ಲಾರೂ ಇಷ್ಟರದ್ದ ತಗೋತಾರ" ಎಂಬ ಮಾತಿಗೆ ಬೀಳಬೇಡಿ. ಕಡಿಮೆ ಬಿದ್ದರೆ ಕೋರ್ಟಿಗೆ ಹೋದಾಗ ಕೊರತೆಯ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾದೀತು.

ಆರು ತಿಂಗಳಾದರೆ ಛಾಪಾ ಕಾಗದ ಸತ್ತುಹೋಗುತ್ತದೆಯೇ? ಇಲ್ಲ. ಆರು ತಿಂಗಳ ಗಡುವು ಇರುವುದು ಬಳಸದ ಕಾಗದ ವಾಪಸ್ ಕೊಟ್ಟು ಹಣ ಪಡೆಯಲು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ.

ಸೂರು ಸೋರುತ್ತಿದೆ, ಹೇಳಿದರೂ ಮಾಲೀಕರು ಕಿವಿಗೆ ಹಾಕಿಕೊಳ್ಳುತ್ತಿಲ್ಲ. ರಿಪೇರಿ ಮಾಲೀಕರ ಹೊಣೆಯಾಗಿದ್ದರೆ, ನೋಟಿಸ್ ಕೊಟ್ಟು, ಸಾಕಷ್ಟು ದಿನ ಕಾದು, ನೀವೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲು ಕಾನೂನಿನಲ್ಲಿ ದಾರಿಯಿದೆ. ಗೌಂಡಿಯ ಚೀಟಿ ಜೋಪಾನ.

ಹತ್ತಿಪ್ಪತ್ತು ವರ್ಷ ಇದ್ದ ಬಾಡಿಗೆದಾರನಿಗೆ ಮನೆಯೇ ಆಗಿಬಿಡುತ್ತದೆ ಎಂಬುದು ಮಾಲೀಕರ ನಿದ್ದೆ ಕೆಡಿಸುವ ಗಾಳಿಮಾತು. ಬಾಡಿಗೆದಾರನೆಂದು ಒಪ್ಪಿ ಇರುವವನು ಎಷ್ಟು ವರ್ಷವಾದರೂ ಬಾಡಿಗೆದಾರನೇ. ಅದನ್ನು ತೋರಿಸುವುದೂ ಈ ಕಾಗದವೇ.

ಮನೆಗೆ ಬರೆದ ಹಾಗೆ ಹೊಲಕ್ಕೂ ಲಾವಣಿ ಪತ್ರ ಬರೆಯಬಹುದೇ? 1974ರ ಭೂಸುಧಾರಣೆಯ ನಂತರ ಸೈನಿಕರಂಥ ಕೆಲವರನ್ನು ಬಿಟ್ಟರೆ ಹೊಲ ಗೇಣಿಗೆ ಕೊಡುವುದೇ ನಿಷಿದ್ಧ. ಬಾಂಡ್ ಪೇಪರಿನಲ್ಲಿ ಬರೆದರೂ ಅದೇ ಕಥೆ.

ಬಾಡಿಗೆಗೆ ಹೋಗುವವರೇ, ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9, 11 ಯಾರ ಹೆಸರಲ್ಲಿದೆ ನೋಡಿ, ಡಿಪಾಜಿಟ್ ಆಮೇಲೆ ಕೊಡಿ. ಮನೆಬಾಡಿಗೆ ಭತ್ಯೆಗೆ ತೆರಿಗೆ ವಿನಾಯಿತಿ ಕೇಳುವ ನೌಕರರು ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಕೊಡಬೇಕು.

ಕೊನೆಗೆ ಜೆಸ್ಕಾಂ ಮೀಟರು. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಹಿಂದಿನವರ ಆಧಾರ್ ಆ ಆರ್‌ಆರ್ ನಂಬರಿಗೆ ಜೋಡಣೆಯಾಗಿಯೇ ಉಳಿದಿದ್ದರೆ ಮೊದಲು ಡಿ-ಲಿಂಕ್ ಮಾಡಿಸಬೇಕು. 2024ರಿಂದ ಆ ಸೌಲಭ್ಯವಿದೆ. ಕೀಲಿಕೈ ಕೈಗೆ ಬಂದ ದಿನವೇ ಆರ್‌ಆರ್ ನಂಬರು, ಮೀಟರ್ ರೀಡಿಂಗು ಎರಡನ್ನೂ ಕರಾರಿನಲ್ಲಿ ಬರೆಸಿ, ಸಾಕ್ಷಿಗಳ ಸಹಿ ಹಾಕಿಸಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.