ಕುರರದ ದೃಷ್ಟಾಂತ: ಬೇಟೆಹಕ್ಕಿಗಳಲ್ಲಿ ಆಹಾರಾಪಹರಣ

ಭಾಗವತದ ಏಕಾದಶ ಸ್ಕಂಧದಲ್ಲಿ ಅವಧೂತನೊಬ್ಬನು ಯದುರಾಜನಿಗೆ ತನ್ನ 24 ಗುರುಗಳನ್ನು ಪರಿಚಯಿಸುವ ಪ್ರಸಂಗವಿದೆ. ಭೂಮಿ, ವಾಯು, ಸಮುದ್ರ, ಜೇನುನೊಣಗಳ ಸಾಲಿನಲ್ಲಿ ಕುರರವೆಂಬ ಹಕ್ಕಿಯೂ ಒಂದು ಗುರು. ಮಾಂಸವನ್ನು ಹಿಡಿದಿದ್ದ ಕುರರದ ಮೇಲೆ, ಮಾಂಸ ದೊರೆಯದ ಬಲಿಷ್ಠ ಹಕ್ಕಿಗಳು ಎರಗುತ್ತವೆ. ಕುರರವು ಮಾಂಸವನ್ನು ಬಿಟ್ಟೊಡನೆ ನೆಮ್ಮದಿ ಪಡೆಯುತ್ತದೆ. ಪರಿಗ್ರಹವೇ ದುಃಖದ ಮೂಲವೆಂಬುದು ಅವಧೂತನು ಕಲಿತ ಪಾಠ. ಈ ಸ್ಕಂಧಕ್ಕೆ ಹದಿನಾರನೆಯ ಶತಮಾನದಲ್ಲಿ ಸಂತ ಏಕನಾಥರು ಮರಾಠಿಯಲ್ಲಿ ವಿಸ್ತಾರವಾದ ವ್ಯಾಖ್ಯಾನ ಬರೆದುದರಿಂದ, ಭೀಮಾತೀರದ ಓದುಗರಿಗೆ ಇದು ಎರಡು ಭಾಷೆಗಳ ಮೂಲಕವೂ ಪರಿಚಿತ. ದೃಷ್ಟಾಂತದ ತತ್ತ್ವವನ್ನು ಎಲ್ಲರೂ ವಿವರಿಸುತ್ತಾರೆ. ಅದರಲ್ಲಿರುವ ಹಕ್ಕಿಯನ್ನು ನೋಡುವವರು ಕಡಿಮೆ.

ಕುರರವನ್ನು ವಿದ್ವಾಂಸರು ಸಾಮಾನ್ಯವಾಗಿ ಮೀನು ಹಿಡಿಯುವ ಗಿಡುಗವೆಂದು, ವಿಶೇಷವಾಗಿ ಆಸ್ಪ್ರೇ ಎಂಬ ಹಕ್ಕಿಯೆಂದು ಗುರುತಿಸುತ್ತಾರೆ. ಚಳಿಗಾಲದಲ್ಲಿ ಈ ವಲಸೆಹಕ್ಕಿ ಉಜನಿ ಜಲಾಶಯದ ಹಿನ್ನೀರಿನಲ್ಲಿಯೂ ಕಾಣಸಿಗುತ್ತದೆ. ಎತ್ತರದಿಂದ ಕಾಲು ಮುಂದೆ ಚಾಚಿ ನೀರಿಗೆ ಧುಮುಕಿ, ಮೀನನ್ನು ಹಿಡಿದು, ಅದರ ತಲೆ ಮುಂದಾಗುವಂತೆ ತಿರುಗಿಸಿಕೊಂಡು ಹಾರುವುದು ಇದರ ಕ್ರಮ. ಗಾಳಿಯ ತಡೆ ಇದರಿಂದ ತಗ್ಗುತ್ತದೆ. ಆದರೂ ಹೊರೆ ಹೊರೆಯೇ. ಹೊತ್ತ ಹಕ್ಕಿ ಚುರುಕಾಗಿ ತಿರುಗಲಾರದು. ಬಯಲಿನಲ್ಲಿ ಹೊಳೆಯುವ ಮೀನನ್ನು ಮರೆಮಾಡಲೂ ಆರದು. ಇತರ ಹಕ್ಕಿಗಳು ಎರಗುವುದು ಆಗಲೇ.

ಇದರ ಅತಿ ಪ್ರಸಿದ್ಧ ಉದಾಹರಣೆ ಉತ್ತರ ಅಮೆರಿಕದ್ದು. ಅಲ್ಲಿನ ಬಾಲ್ಡ್ ಈಗಲ್ 3ರಿಂದ 6 ಕಿಲೋ ತೂಗಿದರೆ ಆಸ್ಪ್ರೇ ಸುಮಾರು 1.5 ಕಿಲೋ ತೂಗುತ್ತದೆ. ಹದ್ದು ಮೇಲಿನಿಂದ ಬೆನ್ನಟ್ಟಿ, ಆಸ್ಪ್ರೇ ಮೀನನ್ನು ಕೈಬಿಡುವಂತೆ ಮಾಡಿ, ಬೀಳುತ್ತಿರುವ ಮೀನನ್ನು ಹಲವೊಮ್ಮೆ ನೆಲ ಮುಟ್ಟುವ ಮೊದಲೇ ಹಿಡಿಯುತ್ತದೆ. ಈ ಹದ್ದು 1782ರಲ್ಲಿ ಅಮೆರಿಕದ ರಾಷ್ಟ್ರಮುದ್ರೆಯನ್ನೇರಿತು. 1784ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮಗಳಿಗೆ ಬರೆದ ಪತ್ರದಲ್ಲಿ, ಅದು ಇತರರ ದುಡಿಮೆಯನ್ನು ಕಸಿದು ಬದುಕುವ ಶೀಲಗೆಟ್ಟ ಹಕ್ಕಿಯೆಂದು ಆಕ್ಷೇಪಿಸಿದನು. ಜೀವವಿಜ್ಞಾನದಲ್ಲಿ ಈ ನಡವಳಿಕೆಗೆ ಕ್ಲೆಪ್ಟೊಪ್ಯಾರಾಸಿಟಿಸಮ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಕ್ಲೆಪ್ಟೆಸ್ ಎಂದರೆ ಕಳ್ಳ. ಕನ್ನಡದಲ್ಲಿ ಇದನ್ನು ಚೌರ್ಯಪರಾವಲಂಬನೆ ಎನ್ನಬಹುದು. ಶಾಸ್ತ್ರದ ಪಾರಿಭಾಷಿಕ ಪದದೊಳಗೂ ಒಂದು ನೈತಿಕ ತೀರ್ಪು ಅಡಗಿ ಕುಳಿತಿರುವುದನ್ನು ಭಾಷಾವಿದ್ಯಾರ್ಥಿಗಳು ಗಮನಿಸಬೇಕು.

ಹಕ್ಕಿಯ ಲೋಕದಲ್ಲಿ ನಡೆಯುವುದು ಲಾಭನಷ್ಟದ ಲೆಕ್ಕ. ಬೇಟೆಯನ್ನು ಹುಡುಕಿ, ಕಾದು, ಹಲವು ಬಾರಿ ತಪ್ಪಿಸಿಕೊಂಡು ಹಿಡಿಯುವುದಕ್ಕಿಂತ, ಹಿಡಿದವರನ್ನು ಬೆನ್ನಟ್ಟುವುದು ಅಗ್ಗವಾದಾಗ ಕಸಿಯುವಿಕೆ ಲಾಭಕರ. ತುತ್ತು ದೊಡ್ಡದಿರಬೇಕು, ದೂರಕ್ಕೆ ಕಾಣುವಂತಿರಬೇಕು, ತಿನ್ನಲು ಹೊತ್ತು ಹಿಡಿಯುವಂತಿರಬೇಕು. ಮಿಡತೆಯನ್ನು ಹಿಡಿದೊಡನೆ ನುಂಗುವ ಹಕ್ಕಿಯಿಂದ ಕಸಿಯಲು ಏನೂ ಉಳಿಯದು. ಮರೆಯಿಲ್ಲದ ಬಯಲು, ಕರಾವಳಿ, ಹಿನ್ನೀರುಗಳಲ್ಲಿ ಈ ದೃಶ್ಯ ಹೆಚ್ಚಾಗಿ ಕಾಣುವುದು ಇದೇ ಕಾರಣಕ್ಕೆ. ಒಣ ಹುಲ್ಲುಗಾವಲುಗಳ ಟಾನಿ ಈಗಲ್ ಇತರ ಬೇಟೆಹಕ್ಕಿಗಳಿಂದ ಆಹಾರ ಕಸಿಯುವುದಕ್ಕೆ ಹೆಸರಾಗಿದೆ. ಊರೂರಿನ ಕಪ್ಪುಹದ್ದೂ, ಮರಾಠಿಯ ಘಾರ್, ಈ ಕಲೆಯಲ್ಲಿ ಪಳಗಿದ್ದು. ಆದರೆ ಕಸಿಯುವವರ ಸಂಖ್ಯೆಗೆ ಮಿತಿಯುಂಟು. ಹಿಡಿಯುವವರು ಕಡಿಮೆಯಾಗಿ ಕಸಿಯುವವರು ಹೆಚ್ಚಿದರೆ ಪ್ರತಿಯೊಬ್ಬರ ಪಾಲೂ ಕುಗ್ಗುತ್ತದೆ.

ಕಳೆದುಕೊಳ್ಳುವ ಹಕ್ಕಿ ಏಕೆ ಹೋರಾಡದು? ಒಂದು ಮೀನು ಹೋದರೆ ಇನ್ನೊಂದನ್ನು ಹಿಡಿಯಬಹುದು. ರೆಕ್ಕೆಗೆ ಪೆಟ್ಟು ಬಿದ್ದರೆ ಬೇಟೆಯೇ ನಿಂತು ಹಸಿವಿನಿಂದ ಸಾಯಬೇಕಾದೀತು. ಅತಿವೇಗದ ಪೆರಿಗ್ರೀನ್ ಗಿಡುಗವೂ ತನ್ನ ಬೇಟೆಯನ್ನು ದೊಡ್ಡ ಹದ್ದುಗಳಿಗೆ ಬಿಟ್ಟುಕೊಟ್ಟು ಹಾರುವುದುಂಟು. ಕೆಲವು ಹಕ್ಕಿಗಳು ಎಲೆದಟ್ಟದ ಕೊಂಬೆಗೆ ಒಯ್ದು ತಿನ್ನುತ್ತವೆ. ಕೆಲವು ನೆಲದ ಮೇಲಿನ ಬೇಟೆಗೆ ರೆಕ್ಕೆಗಳನ್ನೇ ಕೊಡೆಯಂತೆ ಹರಡಿ ಮರೆಮಾಡುತ್ತವೆ.

ಸಾಕಿದ ಡೇಗೆಯೂ ಹೀಗೆ ರೆಕ್ಕೆ ಹರಡುವುದನ್ನು ಡೇಗೆಬೇಟೆಯವರು ಬಲ್ಲರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಶ್ಯೇನವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ. ಹಕ್ಕಿ ಹಿಡಿದುದನ್ನು ಬೇಟೆಗಾರನು ತೆಗೆದುಕೊಂಡು, ಒಂದು ತುಣುಕನ್ನು ಅದಕ್ಕೆ ಕೊಡುವುದು ಈ ವಿನೋದದ ರೂಢಿ. ಬಾಲ್ಡ್ ಈಗಲ್ ಮಾಡಿದರೆ ಶೀಲಗೇಡು, ಅರಸನು ಮಾಡಿದರೆ ರಾಜವಿನೋದ: ಕ್ರಿಯೆ ಒಂದೇ, ಹೆಸರು ಬೇರೆ.

ಇಷ್ಟನ್ನು ತಿಳಿದು ಅವಧೂತನ ಮಾತಿಗೆ ಮರಳಿದರೆ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಕುರರದ ಚಿತ್ರದಲ್ಲಿ ಕಣ್ಣಾರೆ ಕಂಡ ಪ್ರಕೃತಿಯಿದೆ. ಎರಗುವವರು ಬಲಿಷ್ಠರು, ಅವರ ಬಳಿ ಮಾಂಸವಿಲ್ಲ, ಬಿಟ್ಟೊಡನೆ ಕಾಟ ನಿಲ್ಲುತ್ತದೆ. ಈ ಮೂರೂ ಇಂದಿನ ವೀಕ್ಷಣೆಗೆ ಹೊಂದುತ್ತವೆ. ಆದರೆ ವೈರಾಗ್ಯವು ಅವಧೂತನದು, ಹಕ್ಕಿಯದಲ್ಲ. ಮೀನು ಬಿಟ್ಟ ಕುರರವು ಸ್ವಲ್ಪ ಹೊತ್ತಿನಲ್ಲಿಯೇ ಮತ್ತೆ ನೀರಿನ ಮೇಲೆ ಸುತ್ತತೊಡಗುತ್ತದೆ. ದೃಷ್ಟಾಂತವು ಆ ದೀರ್ಘ ದಿನದಿಂದ ಒಂದು ಕ್ಷಣವನ್ನು ಮಾತ್ರ ಆಯ್ದುಕೊಂಡಿದೆ. ಹಳೆಯ ಕಾವ್ಯಗಳಲ್ಲಿ ಹಕ್ಕಿಯೊಂದು ಎದುರಾದಾಗ, ಕವಿ ಕಂಡದ್ದೆಷ್ಟು, ಅದರ ಮೇಲೆ ತಾನು ಹೊರಿಸಿದ ಅರ್ಥವೆಷ್ಟು ಎಂದು ಬೇರ್ಪಡಿಸಿ ಓದುವುದು ಸಾಹಿತ್ಯ ವಿದ್ಯಾರ್ಥಿಗೆ ಉಪಯುಕ್ತವಾದ ಅಭ್ಯಾಸ.